ಬಿಸ್ಕತ್ತಿನ ಡಬ್ಬದ ಆರನೇ ಚೀಟಿ

ನಮ್ಮ ಮನೆಯಲ್ಲಿ ಯಾರಿಗಾದರೂ ದುಡ್ಡು ಬೇಕಾದರೆ ಬಾಯಿ ತೆರೆಯುವಂತಿಲ್ಲ, ಚೀಟಿ ಬರೆದು ಹಾಕಬೇಕು. ಈ ಕಾನೂನು ಮಾಡಿದವಳು ನಾನೇ. ಮಾಡದೆ ಇನ್ನೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿ ಹೋದವರ ಮನೆಯಲ್ಲಿ ಎಷ್ಟು ಕಾಲಿದ್ದವೋ ಕಾಣೆ. ನಮ್ಮಲ್ಲಿ ಹಾಸಿಗೆ ಒಂದು, ಕಾಲು ಹದಿನಾಲ್ಕು. ಅತ್ತೆ, ಮಾವ, ಗಂಡ, ಮೈದುನ, ನರ್ಸಿಂಗ್ ಓದುತ್ತಿರುವ ನಾದಿನಿ, ಒಂಬತ್ತು ವರ್ಷದ ಮಗಳು, ನಾನು. ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಶೀನು ನಡೆಸುತ್ತಾರೆ, ಮೈದುನ ಆಂಬುಲೆನ್ಸ್ ಓಡಿಸುತ್ತಾನೆ. ಇಬ್ಬರ ಸಂಬಳವೂ ತಿಂಗಳ ಮೊದಲ ದಿನ ನನ್ನ ಕೈಗೆ ಬರುತ್ತದೆ. ಬಂದ ಕೂಡಲೇ ಬಾಡಿಗೆ, ಕರೆಂಟು, ಹಾಲು, ಶಾಲೆ ಎಂದು ಕಾಲಿಗೆ ಬುದ್ಧಿ ಹೇಳುತ್ತದೆ.

ಮೊದಲೆಲ್ಲ ಒಬ್ಬೊಬ್ಬರೇ ಅಡುಗೆಮನೆ ಬಾಗಿಲಿಗೆ ಬಂದು ಕೇಳುತ್ತಿದ್ದರು. ಮೊದಲು ಬಂದವರಿಗೆ ದುಡ್ಡು ಸಿಗುತ್ತಿತ್ತು, ಕೊನೆಗೆ ಬಂದವರಿಗೆ ನನ್ನ ಬೈಗುಳ. ಒಂದು ದಿನ ಮೂವರು ಒಟ್ಟಿಗೆ ಬಂದು ನಿಂತು, ಬಾಣಲೆಯಲ್ಲಿದ್ದ ಈರುಳ್ಳಿ ಸೀದು ಕರಕಲಾಗಿ, ನನ್ನ ಪಿತ್ತ ನೆತ್ತಿಗೇರಿತು. ಖಾಲಿ ಬಿಸ್ಕತ್ತಿನ ಡಬ್ಬ ಒಂದನ್ನು ಕಪಾಟಿನ ಮೇಲಿಟ್ಟು ಅವತ್ತೇ ಹೇಳಿದೆ. ಅವರವರಿಗೆ ಬೇಕಾದ್ದನ್ನು ಅವರವರೇ ಬರೆಯಬೇಕು. ತಿಂಗಳಿಗೆ ಒಬ್ಬರಿಗೆ ಒಂದೇ ಚೀಟಿ. ಮೊದಲ ಭಾನುವಾರ ಊಟವಾದ ಮೇಲೆ ನಾನು ಡಬ್ಬ ತೆಗೆದು, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನಾನು ಹೇಳಿದ್ದೇ ಕೊನೆ.

ಅದಾಗಿ ಆರು ವರ್ಷವಾಯಿತು. ಮೈದುನ ನನ್ನನ್ನು ಮಂತ್ರಿಗಳೇ ಎಂದು ಕರೆಯುತ್ತಾನೆ. ಮಾವ ತಮ್ಮ ಚೀಟಿಯನ್ನು "ಮಾನ್ಯರೇ" ಎಂದು ಶುರುಮಾಡಿ "ತಮ್ಮ ವಿಶ್ವಾಸಿ" ಎಂದು ಮುಗಿಸುತ್ತಾರೆ. ನಡುವೆ ಇರುವುದು ಮಾತ್ರ ಒಂದೇ, ರೇಡಿಯೋ ಸೆಲ್ಲು. ಗಂಡ ಒಂದು ವರ್ಷದಿಂದ ಹೊಸ ಕೊಡೆ ಬೇಕೆಂದು ಬರೆಯುತ್ತಿದ್ದಾರೆ, ನಾನು ಹಳೆಯದಕ್ಕೆ ಕಡ್ಡಿ ಹಾಕಿಸಿಕೊಳ್ಳಿ ಎನ್ನುತ್ತಿದ್ದೇನೆ. ಬರೆಯದೆ ಉಳಿದವರು ಅತ್ತೆ ಒಬ್ಬರೇ.

"ನಾನು ಕಟ್ಟಿದ ಸಂಸಾರದಲ್ಲಿ ನಾನೇ ಅರ್ಜಿ ಹಾಕ್ಬೇಕಾ? ಆಗಲ್ಲಮ್ಮ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಎರಡು ವರ್ಷವಾದರೂ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದಾರೆಯೇ ಹೊರತು ಒಂದು ಸಾಲು ಬರೆದವರಲ್ಲ. ನನಗೂ ಹಠ. ಕಾನೂನು ಎಂದರೆ ಕಾನೂನು, ಬರೆಯಲಿ ಕೊಡುತ್ತೇನೆ ಎಂದುಕೊಂಡು ಸುಮ್ಮನಿದ್ದೆ.

ಬರೆಯದವರು ಇನ್ನೊಬ್ಬರಿದ್ದರು, ನಾನು. ಅದು ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ, ಈ ಹಲ್ಲು ನೋಯಲು ಶುರುವಾಗುವ ತನಕ.

ಬಲಗಡೆ ಕೆಳಗಿನ ದವಡೆ ಹಲ್ಲು. ಮೊದಲು ತಣ್ಣೀರು ತಾಗಿದರೆ ಜುಂ ಎನ್ನುತ್ತಿತ್ತು, ಆಮೇಲೆ ಬಿಸಿ ತಾಗಿದರೂ, ಕೊನೆಗೆ ಏನೂ ತಾಗದಿದ್ದರೂ. ಮೂರು ತಿಂಗಳು ಎಡಗಡೆಯಲ್ಲೇ ಅಗಿದೆ. ವೈದ್ಯರ ಹತ್ತಿರ ಹೋಗೋಣವೆಂದರೆ ದುಡ್ಡೆಲ್ಲಿ? ಒಂದು ತಿಂಗಳು ಒಲೆಯ ಬರ್ನರ್ ಹೋಯಿತು, ಇನ್ನೊಂದು ತಿಂಗಳು ಮಗಳ ಪುಸ್ತಕ. ಈ ತಿಂಗಳು ನಾದಿನಿಯ ಪರೀಕ್ಷೆ ಫೀಜು ಕಟ್ಟಲೇಬೇಕು, ಇಲ್ಲದಿದ್ದರೆ ಹುಡುಗಿಯ ಒಂದು ವರ್ಷವೇ ಹೋದಂತೆ. ಇದು ಹೊರಗೆ ಹೇಳುವ ಕಾರಣ. ಒಳಗಿನದು ಬೇರೆ. ಒಂದು ಕೊಡೆಗೆ ಹನ್ನೆರಡು ಸಲ ಇಲ್ಲ ಎಂದವಳು, ನನಗೆ ಬೇಕು ಎಂದು ನಾನೇ ಬರೆದು, ನಾನೇ ಓದಿ, ನಾನೇ ಆಗಲಿ ಎಂದರೆ ಯಾರ ಮುಖ ನೋಡುವುದು? ನನಗೆ ನಾಚಿಕೆಯಾಗುತ್ತಿತ್ತು. ಹಾಗಾಗಿ ಲವಂಗದ ದಾರಿ ಹಿಡಿದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಹಲ್ಲಿನ ಸಂದಿಗೆ ಒತ್ತಿಕೊಂಡರೆ ಒಂದು ಗಳಿಗೆ ಜೀವ ಬಂದ ಹಾಗಾಗುತ್ತಿತ್ತು.

ಆದರೆ ಲವಂಗ, ಏಲಕ್ಕಿಯಂಥ ತುಟ್ಟಿ ಸಾಮಾನು ನಮ್ಮಲ್ಲಿ ಅತ್ತೆಯ ವಶ. ಅವರು ಅಳೆಯುವುದಿಲ್ಲ, ಎಣಿಸುತ್ತಾರೆ.

"ಹೋದ ಭಾನುವಾರ ಇಪ್ಪತ್ತೆರಡು ಲವಂಗ ಇತ್ತು," ಎಂದರು ಅತ್ತೆ, ಬುಧವಾರ ಎಲ್ಲರೂ ಊಟಕ್ಕೆ ಕುಳಿತಾಗ. "ಈಗ ಹದಿನಾರಿದೆ. ಇಲಿ ತಿನ್ನಲ್ಲ, ಇರುವೆ ಹೊರಲ್ಲ. ಈ ಮನೇಲಿ ಲವಂಗದ ಕಳ್ಳ ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ದವಡೆಗೆ ಹೋಯಿತು. ಅದೃಷ್ಟಕ್ಕೆ ಎಲ್ಲರೂ ಮೈದುನನ ಕಡೆ ತಿರುಗಿದ್ದರು. ಸಿಗರೇಟಿನ ವಾಸನೆ ಮುಚ್ಚಲು ಅವನು ಹಿಂದೆ ಲವಂಗ ಅಗಿಯುತ್ತಿದ್ದದ್ದು ಮನೆಗೆಲ್ಲ ಗೊತ್ತು.

"ನಾನಲ್ಲ. ಸಿಗರೇಟು ಬಿಟ್ಟು ವರ್ಷ ಆಯ್ತು," ಎಂದ ಅವನು.

ಅವನ ಪರ ನಿಲ್ಲಬೇಕಾದವಳು ನಾನು. ಏನು ಮಾಡಿದೆ ಗೊತ್ತೇ? ಎಲ್ಲರಿಗಿಂತ ಜೋರಾಗಿ ನಾನೇ ಕೂಗಾಡಿದೆ. ಮನೆಯವರು ಒಂದೊಂದು ಕಾಸಿಗೂ ಒದ್ದಾಡುತ್ತಿರುವಾಗ ನಿನಗೆ ಈ ಷೋಕಿ ಬೇಕಾ ಎಂದೆ. ಈ ತಿಂಗಳು ನಿನ್ನ ಚೀಟಿ ರದ್ದು ಎಂದೆ. ಅವನು ಕೇಳಬೇಕೆಂದಿದ್ದದ್ದು ಬೂಟು, ಅದು ನನಗೆ ಗೊತ್ತಿತ್ತು. ಸ್ಟ್ರೆಚರ್ ಹಿಡಿದು ಮಹಡಿ ಹತ್ತಿಳಿಯುವವನ ಬೂಟಿನ ಅಡಿ ಬಾಯಿ ಬಿಟ್ಟುಕೊಂಡಿತ್ತು. ಅವನು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, "ಆಯ್ತು ಅತ್ತಿಗೆ," ಎಂದು ಕೈ ತೊಳೆಯಲು ಎದ್ದುಹೋದ. ಅವತ್ತು ನನಗೆ ಊಟ ಸೇರಲಿಲ್ಲ, ಅದಕ್ಕೆ ಹಲ್ಲೊಂದೇ ಕಾರಣವಲ್ಲ.

ಶನಿವಾರದ ಹೊತ್ತಿಗೆ ಕೆನ್ನೆ ಊದಿತು. ಸೆರಗನ್ನು ತಲೆಯ ಮೇಲಿಂದ ಕೆನ್ನೆಗೆ ಎಳೆದುಕೊಂಡು ಅಡುಗೆ ಮಾಡಿದೆ. ಯಾಕೆ ಎಂದು ಮಗಳು ಕೇಳಿದ್ದಕ್ಕೆ ಧೂಳು ಎಂದೆ. ಮೂಲೆಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ದಾರದ ಕನ್ನಡಕದೊಳಗಿಂದ ನೋಡಿದರು, ಮತ್ತೆ ಸೊಪ್ಪಿಗೆ ಕೈಹಾಕಿದರು.

ಭಾನುವಾರ ಊಟವಾಯಿತು. ಡಬ್ಬ ತೆಗೆದೆ. ಯಾವಾಗಲೂ ಐದು ಚೀಟಿ ಇರುತ್ತವೆ. ಅವತ್ತು ಆರು ಇದ್ದವು.

ಒಂದೊಂದಾಗಿ ಓದಿದೆ. ನಾದಿನಿಯ ಫೀಜು, ಆಗಲಿ. ಮಾವನ ಸೆಲ್ಲು, ಮುಂದಿನ ತಿಂಗಳು. ಮಗಳ ಬಣ್ಣದ ಪೆನ್ಸಿಲು, ಅರ್ಧ ಡಜನ್ ಆಗಲಿ. ಗಂಡನ ಕೊಡೆ, ಹೇಳುವುದೇ ಬೇಡ. ಮೈದುನ "ಬೂಟು. ರದ್ದಾಗಿದೆ ಅಂತ ಗೊತ್ತು, ಅಭ್ಯಾಸಬಲ" ಎಂದು ಬರೆದಿದ್ದ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಆರನೆಯದು ಕ್ಯಾಲೆಂಡರಿನ ಹಾಳೆಯ ಹಿಂಬದಿ. ಪೆನ್ಸಿಲಿನ ದೊಡ್ಡ ದೊಡ್ಡ ಅಕ್ಷರ, ಸಾಲು ಸೊಟ್ಟಗೆ ಇಳಿದಿತ್ತು. ಒಂದಕ್ಷರ ಬಿಡದೆ ಓದಬೇಕೆಂಬ ಕಾನೂನು ನನ್ನದೇ, ಹಾಗಾಗಿ ಓದಿದೆ.

"ಲವಂಗಕ್ಕೆ ಹೋಗುವ ನೋವಲ್ಲ. ಹಲ್ಲು ಕೀಳಿಸಬೇಕು. ಹಲ್ಲು ನನ್ನದಲ್ಲ, ಸೊಸೆಯದು. ಆರು ವರ್ಷದಿಂದ ನಾನು ಒಂದು ಚೀಟಿಯನ್ನೂ ಹಾಕಿಲ್ಲ. ಎಪ್ಪತ್ತೆರಡು ಚೀಟಿ ನನಗೆ ಬರಬೇಕು. ಅದರಲ್ಲಿ ಒಂದು ಹಿಡಿದುಕೊಂಡು ಇವತ್ತೇ ಕೊಡಿ."

ನಾನು ಇರುವ ಬಿಗುವನ್ನೆಲ್ಲ ಒಟ್ಟುಮಾಡಿಕೊಂಡು, "ಇದು ನಡೆಯಲ್ಲ ಅತ್ತೆ. ಅವರವರಿಗೆ ಬೇಕಾದ್ದನ್ನ ಮಾತ್ರ ಬರೀಬೇಕು ಅಂತ ಕಾನೂನಿದೆ," ಎಂದೆ.

"ನನಗೆ ಬೇಕಾಗಿರೋದನ್ನೇ ಬರೆದಿದೀನಿ," ಎಂದರು ಅತ್ತೆ. "ಮೂರು ತಿಂಗಳಾಯ್ತು ನೀನು ನನ್ನ ಹತ್ರ ನೆಟ್ಟಗೆ ಒಂದು ಜಗಳ ಆಡಿಲ್ಲ. ಮನೆ ಬಿಕೋ ಅಂತಿದೆ. ಸೆರಗು ತೆಗಿ, ಎಲ್ಲರೂ ನೋಡಲಿ."

ತೆಗೆದೆ. ಗಂಡ ಕೆನ್ನೆ ನೋಡಿ, "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?" ಎಂದರು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಮೈದುನನ ಕಡೆ ತಿರುಗಿದೆ.

"ಲವಂಗ ತಿಂದವಳು ನಾನೇ ಕಣಪ್ಪ. ತಪ್ಪಾಯ್ತು."

"ಗೊತ್ತಿತ್ತು ಅತ್ತಿಗೆ," ಎಂದ ಅವನು. "ಅವತ್ತು ನೀವು ಬಯ್ತಾ ಇದ್ರಲ್ಲ, ಮಾತು ಮಾತಿಗೂ ಲವಂಗದ ವಾಸನೆ ಬರ್ತಿತ್ತು."

ಮಾವ ಮೊದಲು ನಕ್ಕರು, ಆಮೇಲೆ ಎಲ್ಲರೂ. ನಗಲು ಹೋಗಿ ನನಗೆ ಹಲ್ಲು ಇನ್ನಷ್ಟು ನೋಯಿತು. ದುಡ್ಡಿನ ಮಾತು ಬಂದಾಗ ಮೈದುನನೇ, "ನನ್ನ ಬೂಟಿನದು ಹೇಗೂ ರದ್ದಾಗಿದೆಯಲ್ಲ, ಅದರಲ್ಲೇ ಕೀಳಿಸ್ಕೊಳ್ಳಿ. ಬೂಟನ್ನ ಹೊಲಿಸಿಕೊಂಡ್ರೆ ಒಂದು ತಿಂಗಳು ಬಾಳುತ್ತೆ," ಎಂದ. ಮುಂದಿನ ತಿಂಗಳು ಎಲ್ಲಕ್ಕಿಂತ ಮೊದಲು ಬೂಟು ಎಂದು ನನ್ನ ಕೈಯಾರೆ ಬರೆದು ಅವನ ಜೇಬಿಗೆ ಹಾಕಿದೆ.

ಸೋಮವಾರ ಬೆಳಿಗ್ಗೆ ಗಂಡ ರಜೆ ಹಾಕಿ ಕರೆದುಕೊಂಡು ಹೋದರು. ದಂತವೈದ್ಯೆ ನನಗಿಂತ ಚಿಕ್ಕವಳು. ಬಾಯೊಳಗೆ ದೀಪ ಬಿಟ್ಟು ನೋಡಿ, "ಇನ್ನೊಂದು ವಾರ ಬಿಟ್ಟಿದ್ರೆ ಆಸ್ಪತ್ರೆಗೇ ಸೇರಿಸಬೇಕಾಗ್ತಿತ್ತು," ಎಂದಳು. ನಾನು ದುಡ್ಡು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ಹಲ್ಲಿಗೆ ಜಿಪುಣತನ ಮಾಡಿ ಆರು ತಿಂಗಳ ಚೀಟಿಗಳನ್ನೆಲ್ಲ ಆಸ್ಪತ್ರೆಗೆ ಸುರಿಯುವವಳಿದ್ದೆ. ಹಲ್ಲು ಕಿತ್ತು ಬಂದಾಗ ಗೊತ್ತೂ ಆಗಲಿಲ್ಲ. ತಟ್ಟೆಯಲ್ಲಿ ಟಣ್ ಎಂದದ್ದು ಕೇಳಿಸಿತು, ಅಷ್ಟೆ. ಅಬ್ಬ, ಎಂಥ ನಿರಾಳ ಅದು. ಬಸ್ಸಿನಲ್ಲಿ ಬರುವಾಗ ಗಂಡನ ಹೆಗಲಿಗೊರಗಿ ನಿದ್ದೆ ಹೋದೆ. ಮೂರು ತಿಂಗಳಲ್ಲಿ ಅಷ್ಟು ಗಾಢವಾಗಿ ಮಲಗಿರಲಿಲ್ಲ.

ಮನೆಗೆ ಬಂದರೆ ಅಡುಗೆ ಆಗಿತ್ತು. ಅತ್ತೆ ಹಾಲು ಆರಿಸಿ ಲೋಟದಲ್ಲಿ ತಂದಿಟ್ಟು, "ಇನ್ನು ಎಪ್ಪತ್ತೊಂದು ಇದೆ, ನೆನಪಿರಲಿ," ಎಂದರು. ಬಾಯಲ್ಲಿ ಹತ್ತಿ, ಸಂಜೆಯ ತನಕ ಮಾತಾಡಬಾರದೆಂದು ವೈದ್ಯೆ ಹೇಳಿದ್ದಳು. ಅತ್ತೆಗೆ ಹೇಳಬೇಕಾದದ್ದು ಎದೆತುಂಬ ಇತ್ತು. ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದು ಕೊಟ್ಟೆ. ಆರು ವರ್ಷದಲ್ಲಿ ಡಬ್ಬಕ್ಕೆಂದು ನಾನು ಬರೆದ ಮೊದಲ ಚೀಟಿ ಅದು: "ಅತ್ತೆಯ ಕನ್ನಡಕಕ್ಕೆ ಕಡ್ಡಿ."

ಅವರು ಕಿವಿಯ ದಾರ ಬಿಗಿಮಾಡಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, ಎರಡು ಸಲ ಓದಿದರು.

"ಅವರವರಿಗೆ ಬೇಕಾದ್ದನ್ನ ಅವರವರೇ ಬರೀಬೇಕು ಅಂತ ಕಾನೂನಿಲ್ವಾ?" ಎಂದರು.

ನಾನು ನನ್ನ ಎದೆ ಮುಟ್ಟಿ ತೋರಿಸಿದೆ, ನನಗೇ ಬೇಕಾಗಿರುವುದು ಎಂದು. ಅತ್ತೆ ಹಾಳೆಯನ್ನು ನಾಲ್ಕಾಗಿ ಮಡಿಸಿ, ಕಪಾಟಿನ ಮೇಲಿನ ಡಬ್ಬ ಇಳಿಸಿ, ತಮ್ಮ ಕೈಯಿಂದಲೇ ಒಳಗೆ ಹಾಕಿದರು.