ಮನೆಯಲ್ಲೇ ಇರುವವಳ ಪಿಂಚಣಿ

ಕಟ್ಟುಹಲ್ಲು ಮಾಡುವವನ ಹೆಂಡತಿಗೆ ಉಳಿದಿದ್ದು ಒಂದೇ ಆಸೆ, ಆ ಉಜ್ಜುವ ಯಂತ್ರದ ಮುಂದಿನಿಂದ ಎದ್ದುಬಿಡಬೇಕು. ಗಂಡ ಅಚ್ಚು ತೆಗೆದು ಹಲ್ಲು ಜೋಡಿಸುತ್ತಿದ್ದ. ಅದು ಮುದುಕರ ವಸಡಿಗೆ ಚುಚ್ಚದ ಹಾಗೆ ಉಜ್ಜಿ ನಯ ಮಾಡುತ್ತಿದ್ದವಳು ಇವಳು. ಮದುವೆಯಾದ ಮರುವಾರ ಕೂತವಳು ಇನ್ನೂ ಎದ್ದಿಲ್ಲ. ಉಜ್ಜುವಾಗ ಏಳುವ ಗುಲಾಬಿ ಬಣ್ಣದ ಪುಡಿ ಮೂಗಿನಿಂದ ಎದೆಗಿಳಿದು, ಈಗ ಮಾತಿಗೊಂದು ಕೆಮ್ಮು. ಬದುಕಬೇಕಾದರೆ ಪುಡಿಯ ಸಹವಾಸ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಬಿಟ್ಟರೆ ಹೊಟ್ಟೆಗೇನು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಗಂಡ ಕೆಟ್ಟವನಲ್ಲ, ಜಾಣ. ಕೆಟ್ಟವನಾಗಿದ್ದರೆ ಹೇಗೋ ಏಗಬಹುದಿತ್ತು. ವರ್ಷವರ್ಷವೂ ಸಂಪಾದನೆಯಲ್ಲಿ ಕಾಲುಭಾಗ ತೋರಿಸಿ ತೆರಿಗೆ ಕಟ್ಟಿ, "ಈ ಸಲವೂ ಸರ್ಕಾರದ ಕಣ್ಣಿಗೆ ಮಣ್ಣೆರಚಿದೆ ಕಣೇ" ಎಂದು ಮೀಸೆ ತಿರುವುತ್ತಿದ್ದ. ಇವಳೂ ಜೊತೆಗೆ ನಗುತ್ತಿದ್ದಳು, ಸುಳ್ಳೇಕೆ. ಉಳಿದ ದುಡ್ಡು ಅಚ್ಚಿಗೆ ಬಳಸುವ ಪ್ಲಾಸ್ಟರ್ ಡಬ್ಬದ ತಳದಲ್ಲಿ ಬೆಚ್ಚಗೆ ಮಲಗಿತ್ತು.

ಅಷ್ಟರಲ್ಲಿ ಪಿಂಚಣಿ ಖಾತೆಯ ಸುದ್ದಿ ಬಂತು. ಸ್ವಂತ ಕಸುಬಿನವರು ಕಟ್ಟಿದಷ್ಟನ್ನೇ ಸರ್ಕಾರವೂ ಸೇರಿಸುತ್ತದಂತೆ. ವಯಸ್ಸಾದವರು ಉಳಿದವರಿಗಿಂತ ದುಪ್ಪಟ್ಟು ಕಟ್ಟಬಹುದಂತೆ.

"ಡಬ್ಬ ಪೂರ್ತಿ ಸುರಿದುಬಿಡೋಣ. ಆಮೇಲೆ ನೀನು ಆ ಮೆಷಿನ್ ಮುಟ್ಟೋದೇ ಬೇಡ" ಎಂದ.

ಅವಳು ಹಳೆಯ ಚಾದರ ಕತ್ತರಿಸಿ ಯಂತ್ರಕ್ಕೊಂದು ಗವಸು ಹೊಲಿದಳು. ಅಂಚಿಗೆ ಬಣ್ಣದ ದಾರವನ್ನೂ ಹಾಕಿದಳು. ಅಷ್ಟು ಖುಷಿ.

ಪಿಂಚಣಿ ಕಚೇರಿಯ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. "ದುಪ್ಪಟ್ಟು ಹೌದು ಸಾರ್. ಆದ್ರೆ ನೀವು ತೋರಿಸಿರೋ ಆದಾಯ ನೋಡಿ ಮಿತಿ ಹಾಕ್ತಾರೆ. ನಿಮಗೆ ಇಷ್ಟೇ ಬರೋದು" ಎಂದು ಪರದೆಯನ್ನು ಇವರತ್ತ ತಿರುಗಿಸಿದಳು. ಅದರಿಂದ ಹುಟ್ಟುವ ಪಿಂಚಣಿ ತಿಂಗಳ ಹಾಲಿಗೂ ಸಾಲುವಂತಿರಲಿಲ್ಲ.

"ಹಿಂದಿನ ವರ್ಷಗಳ ಲೆಕ್ಕ ತಿದ್ದೋಕಾಗಲ್ವಾ?" ಎಂದ ಗಂಡ.

"ಆಗುತ್ತೆ. ಬಿಟ್ಟುಹೋದ ತೆರಿಗೆ, ಅದರ ಮೇಲೆ ದಂಡ, ಎರಡೂ ಕಟ್ಟಬೇಕು."

ಡಬ್ಬ ಅದಕ್ಕೇ ಸರಿಹೋಗುತ್ತಿತ್ತು. ಗಂಡನ ಮುಖ ಸಪ್ಪಗಾಯಿತು. ಹುಡುಗಿಗೆ ಅಯ್ಯೋ ಅನ್ನಿಸಿರಬೇಕು, ಇವಳತ್ತ ತಿರುಗಿ ಕೇಳಿದಳು. "ಅಮ್ಮಾ, ನೀವೂ ಏನಾದ್ರೂ ಕೆಲಸ ಮಾಡ್ತೀರಾ? ನಿಮ್ಮ ಹೆಸರಲ್ಲಿ ಇನ್ನೊಂದು ಖಾತೆ ತೆಗೀಬೋದು."

ಅವಳ ಉಗುರಿನ ಸಂದಿಯಲ್ಲಿ ಇನ್ನೂ ಆ ಗುಲಾಬಿ ಪುಡಿಯಿತ್ತು. ಅವಳು ಗಂಡನ ಮುಖ ನೋಡಿದಳು. ದುಡಿಯುತ್ತಾಳೆ ಎಂದರೆ ಮುಚ್ಚಿಟ್ಟ ಸಂಪಾದನೆಯ ಗುಟ್ಟು ಬಿಟ್ಟುಕೊಟ್ಟ ಹಾಗೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಕಾದಳು.

"ಇಲ್ಲಮ್ಮ, ಅವಳು ಮನೇಲೇ ಇರ್ತಾಳೆ" ಎಂದ ಗಂಡ.

ಅವಳಿಗೆ ಮೈಯೆಲ್ಲ ಉರಿಯಿತು. ಏನಾದರೂ ಅನ್ನೋಣವೆಂದರೆ ಕೆಮ್ಮು ಒತ್ತರಿಸಿ ಬಂತು. ಹುಡುಗಿ ನೀರು ತಂದುಕೊಟ್ಟಳು.

ಮನೆಗೆ ಬಂದ ಮೇಲೆ ಗಂಡ ಮೆಲ್ಲಗೆ, "ನಾಳೆಗೆ ಆ ಮೇಷ್ಟ್ರ ಹಲ್ಲಿನ ಸೆಟ್ ಕೊಡಬೇಕಲ್ಲ" ಎಂದ.

"ನಾನು ಮನೇಲಿ ಇರೋಳು. ನೀವೇ ಉಜ್ಜಿ" ಎಂದು ಅಡುಗೆಮನೆಗೆ ಹೋದಳು.

ಗವಸು ತೆಗೆದ ಸದ್ದು, ಯಂತ್ರ ಶುರುವಾದ ಸದ್ದು ಕೇಳಿಸಿತು. ಅವನು ಜಾಸ್ತಿ ಒತ್ತುತ್ತಿದ್ದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಸೆಟ್ ಹಾಳಾದರೆ ನಾಳೆ ಮೇಷ್ಟ್ರಿಗೆ ಹಲ್ಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು, "ಏಳಿ" ಎಂದಳು. ಅವನು ಎದ್ದ.

ಅವಳು ಕೂತು ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಸರಿಮಾಡಬಹುದಿತ್ತು. ಅವನು ಗವಸನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದೆ ನಿಂತಿದ್ದ.

"ಈ ವರ್ಷದಿಂದ ನಿಜವಾದ ಲೆಕ್ಕಾನೇ ಕೊಡೋಣ. ನಿನ್ನ ಹೆಸರೂ ಬರೆಸ್ತೀನಿ" ಎಂದ.

"ಬರೆಸಿ" ಎಂದಳು ಅವಳು, ಯಂತ್ರದಿಂದ ಕಣ್ಣೆತ್ತದೆ. "ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ ಅಂತ ಬರೆಸಿ."