ಕಳ್ಳಿಯ ಪಾತ್ರ

"ಇಳ್ಸೆ ಹೊರೆನ! ಇಳ್ಸೆ ಬೋಳಿ! ಯಾರಪ್ಪನ ಕಾಡು ಅಂತ ಕಡೀತಿದ್ದೀಯ?"

ಅಂಗಿಯ ಇಸ್ತ್ರಿ ಇನ್ನೂ ಮುರಿಯದ ಹೊಸ ಕಾವಲುಗಾರನೊಬ್ಬ ಲಾಠಿ ಎತ್ತಿ ಅರಚಿದ. ಅವಳು ಹೊರೆ ಕೆಳಕ್ಕೆ ಹಾಕಿ, ಹೇಳಿಕೊಟ್ಟಿದ್ದ ಹಾಗೆ ಕೈಮುಗಿದು ಕುಕ್ಕರಿಸಿದಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಶಹಬ್ಬಾಸ್!" ಎಂದರು ತರಬೇತಿ ಕೊಡಲು ಬಂದ ಸಾಹೇಬರು. "ಆದ್ರೆ ಯಾರಾದ್ರೂ ಫೋಟೋ ತೆಗೀತಿದ್ರೆ ಬೈಬೇಡ್ರಪ್ಪ. ನಮ್ದು ಜನಸ್ನೇಹಿ ಸಂಸ್ಥೆ."

ಕಾಡಿಗೆ ಬೇಲಿ ಹಾಕಿ ಭೂಮಿ ಉಳಿಸುವ ಟ್ರಸ್ಟು ಬೆಳೆಯುತ್ತಿತ್ತು. ಮೂವರಿದ್ದ ಕಾವಲುಗಾರರು ಹನ್ನೊಂದು ಮಂದಿಯಾಗಿದ್ದರು. ಹಳ್ಳದಾಚೆಯ ಗುಡ್ಡವೂ ಬೇಲಿಯೊಳಗೆ ಬರುವುದಿತ್ತು. ಹೊಸ ಎಂಟು ಮಂದಿಗೆ ಕಟ್ಟಿಗೆ ಕಳ್ಳರನ್ನು ಹಿಡಿಯುವುದನ್ನು ಕಲಿಸಲು ಒಬ್ಬ ಕಳ್ಳಿ ಬೇಕಾಗಿದ್ದಳು. ಆಫೀಸಿನ ಕಸ ಗುಡಿಸುವವಳು ಕೈಗೆ ಸಿಕ್ಕಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಪೊರಕೆ' ಅಂತ. "ಇವಳಿಗೆ ಕಲಿಸೋದೇನೂ ಬೇಡ ಸಾರ್, ರಕ್ತದಲ್ಲೇ ಇದೆ," ಎಂದು ಮ್ಯಾನೇಜರು ನಕ್ಕಿದ್ದ.

ಹೊರೆ ತಲೆಗೇರಿದ ಕೂಡಲೇ ಅವಳಿಗೆ ಗಂಡನ ಮೈಬೆವರಿನ ವಾಸನೆ ಬಡಿಯುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಬೇಲಿಯ ಕಂದಕದಲ್ಲಿ ಅವನ ಹೆಣ ಸಿಕ್ಕಿತ್ತು. ಕಟ್ಟಿಗೆ ಹೊರೆ ಮಾತ್ರ ದಂಡೆಯ ಮೇಲಿತ್ತು, ಕಟ್ಟು ಬಿಚ್ಚದೆ, ಯಾರೋ ಜೋಪಾನವಾಗಿ ಇಳಿಸಿಟ್ಟ ಹಾಗೆ. 'ಸಿಬ್ಬಂದಿಯನ್ನು ಕಂಡು ಓಡುವಾಗ ಬಿದ್ದ' ಎಂದು ಟ್ರಸ್ಟು ಬರೆದುಕೊಟ್ಟಿತು. ಪೊಲೀಸರು ಅದಕ್ಕೇ ಮೊಹರು ಒತ್ತಿದರು. ಅವಳ ಕೈಗೆ ಪೊರಕೆ ಬಂತು.

ಬೆಳಿಗ್ಗೆಯಿಂದ ಆರು ಸಲ ಮರದ ಮರೆಗೆ ಹೋಗಿ ಹೊರೆ ಹೊತ್ತು ಬಂದಿದ್ದಳು. ಪ್ರತಿ ಸಲವೂ ಅಲ್ಲಿ ಅದೇ ಬೆವರಿನ ವಾಸನೆಯ ಯಾರೋ ಮೊದಲೇ ಕೂತು ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಒಂಟಿಯಾಗಿ ಬಿಟ್ಟು ಬರಲು ಮನಸ್ಸೂ ಬರಲಿಲ್ಲ.

"ಈಗ ಕಷ್ಟದ್ದು," ಎಂದರು ಸಾಹೇಬರು. "ಕಳ್ಳ ಓಡ್ತಾನೆ. ನೀನು ಓಡಮ್ಮ, ಕಂದಕದ ಹತ್ರ ಎಡವಿ ಬಿದ್ದ ಹಾಗೆ ಮಾಡು. ನೀನು ಹೋಗಿ ಹಿಡಿಯಪ್ಪ."

ಹಿಡಿಯಬೇಕಾದವನು ಅವಳ ಮೈದುನ. ಎಂಟರಲ್ಲಿ ಅವನೂ ಒಬ್ಬ. ಅಣ್ಣನನ್ನು ಕಂದಕದಿಂದ ಎತ್ತಿ ತಂದವನೂ ಇವನೇ. ಅದೇ ಮೂಗು, ಅದೇ ಜೋತುಬಿದ್ದ ಭುಜ. ಗಂಡನೇ ಖಾಕಿ ತೊಟ್ಟು ಲಾಠಿ ಹಿಡಿದು ನಿಂತ ಹಾಗಿತ್ತು.

ಸಾಹೇಬರು ಸೀಟಿ ಊದಿದರು. ಅವಳು ಅಲುಗಲಿಲ್ಲ.

"ಓಡೇ ಪೊರಕೆ! ಕಾಲಿಗೇನು ಬಂದಿದೆ?" ಮ್ಯಾನೇಜರು ಕೂಗಿದ.

"ಓಡಲ್ಲ. ಅವನೂ ಓಡಿರ್ಲಿಲ್ಲ ಸ್ವಾಮಿ."

"ಯಾರೇ?"

"ನನ್ ಗಂಡ. ನಿಮ್ ಬೇಲಿಗೆ ಕಲ್ಲುಕಂಬ ಹೊರುವಾಗ್ಲೇ ಅವನ ಕಾಲು ಮುರಿದಿತ್ತಲ್ಲ! ಒಲೆ ಹತ್ರದಿಂದ ಬಾಗಿಲಿಗೆ ಬರೋಕೂ ಕೋಲು ಬೇಕಿತ್ತು, ಕಟ್ಟಿಗೆಗೂ ಕೋಲೂರ್ಕೊಂಡೇ ಕುಂಟ್ತಾ ಹೋಗ್ತಿದ್ದ. ಅವನು ಓಡ್ತಾನಾ? ಯಾವ ಸೂಳೆಮಗ ಬರೆದಿದ್ದು ಅದನ್ನ?"

ಅವಳು ಮೈದುನನ ಕಡೆ ತಿರುಗಿದಳು.

"ಹೆಣ ತೊಳೆದೋನು ನೀನು. ಬೆನ್ನ ಮೇಲೆ ಏನಿತ್ತು, ಹೇಳೋ ಇವರಿಗೆ."

"ಅತ್ತಿಗೆ, ಸುಮ್ನಿರು. ಕೆಲಸ ಹೋಗುತ್ತೆ."

"ಎಷ್ಟು ಬಾಸುಂಡೆ ಇತ್ತೋ?"

"ಎಣಿಸ್ಲಿಲ್ಲ ಅತ್ತಿಗೆ," ಎಂದ. "ಎಣಿಸೋಕೆ ಆಗ್ಲಿಲ್ಲ."

ಹಳೆಯ ಮೂವರು ಕಾವಲುಗಾರರಲ್ಲಿ ಒಬ್ಬ ಮೆಲ್ಲಗೆ ಜೀಪಿನ ಹಿಂದಕ್ಕೆ ಸರಿದ. ಮ್ಯಾನೇಜರು ದಾಪುಗಾಲು ಹಾಕುತ್ತ ಬಂದು ಅವಳ ರಟ್ಟೆಗೆ ಕೈ ಹಾಕಿದ. "ಅಯ್ಯೋ ಪಾಪ ಅಂತ ಕೆಲಸ ಕೊಟ್ರೆ ತಲೆ ಮೇಲೆ ಕೂತ್ಕೋತೀಯೇನೆ? ತೊಲಗಾಚೆ!"

ಅವಳು ಕೈ ಕೊಡವಿಕೊಂಡಳು. ಬಗ್ಗಿ ಹೊರೆಯೆತ್ತಿ ತಲೆಯ ಮೇಲೆ ಸರಿಮಾಡಿಕೊಂಡು ಗೇಟಿನ ಕಡೆ ನಡೆದಳು.

"ಏಯ್! ಕಟ್ಟಿಗೆ ಇಟ್ಟು ಹೋಗೆ! ಹಿಡೀರೋ ಅವಳನ್ನ!"

ಎಂಟು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸಾರ್," ಎಂದ ಒಬ್ಬ, "ಇದೂ ತರಬೇತೀನಾ?" ಸಾಹೇಬರು ಸೀಟಿಯನ್ನು ಜೇಬಿಗಿಳಿಸಿದರು.

ಅವಳು ಗೇಟು ದಾಟಿದಳು. ಕಂದಕದ ಪಕ್ಕದ ಕಾಲುದಾರಿಗೆ ಬರುವಾಗ ಹಿಂದೆ ಒಂದು ಜೊತೆ ಬೂಟಿನ ಸದ್ದು ಕೇಳಿತು. ನಡಿಗೆ ಮೈದುನನದು. ಹತ್ತಿರ ಹತ್ತಿರ ಬಂತು. ಅವನ ಕೈಯಲ್ಲಿ ಲಾಠಿ ಇತ್ತೋ, ಬಿಸಾಕಿ ಬಂದಿದ್ದನೋ ತಿಳಿಯಲಿಲ್ಲ. ಅವಳು ತಿರುಗಲಿಲ್ಲ. ಓಡಲೂ ಇಲ್ಲ.