ಒಂದೂವರೆ ಇಂಚು

ನೆತ್ತಿಯ ಮೇಲೆ ಬಂದು ಕೂತ, ಎತ್ತರ ಅಳೆಯುವ ತಣ್ಣನೆಯ ಪಟ್ಟಿ, ನೆಟ್ಟಗೆ ನಿಂತ್ಕೊಳ್ಳಿ ಅಮ್ಮಾ, ಅನ್ನುತ್ತಾಳೆ ನರ್ಸು, ನೆಟ್ಟಗೇ ನಿಂತಿದ್ದಾಳೆ, ಮೂವತ್ತು ವರ್ಷದಿಂದ ಅಂಗಡಿಗೆ ಬಂದ ಹೆಂಗಸರಿಗೆಲ್ಲ ತಾನೇ ಹೇಳಿಕೊಂಡು ಬಂದ ಮಾತು ಅದು — ನೆಟ್ಟಗೆ ನಿಲ್ಲಿ, ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಬಿಗಿ ಅಂತ ನನ್ನ ಬೈತೀರಿ — ಈಗ ಟೈಲರಮ್ಮನ ಸರದಿ, ಒಂದೂವರೆ ಇಂಚು ಕಡಿಮೆ, ಹೊಸ ಸುದ್ದಿಯೇನಲ್ಲ, ಎರಡು ತಿಂಗಳ ಹಿಂದೆ ತನಗೊಂದು ಗೌನು ಹೊಲಿದುಕೊಳ್ಳೋಣವೆಂದು ಅಳೆದಾಗಲೂ ಅಷ್ಟೇ ಕಡಿಮೆ ಬಂದಿತ್ತು, ಬೈದದ್ದು ಟೇಪನ್ನು, ಹಳೇ ಟೇಪು ಎಳೆದೆಳೆದು ಹಿಗ್ಗುತ್ತದೆ, ಹಿಗ್ಗಿದ ಟೇಪು ಯಾವಾಗಲೂ ಕಡಿಮೆಯೇ ತೋರಿಸುತ್ತದೆ, ಕಸುಬಿನವರಿಗೆಲ್ಲ ಗೊತ್ತು, ಬೇರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು, ಇವಳು ಓಡಿದ್ದು ಟೇಪಿನಂಗಡಿಗೆ, ಹೊಸದೂ ಅದನ್ನೇ ಹೇಳಿತು, ಅದರ ಮೇಲೂ ಗುಮಾನಿಪಟ್ಟು ಇನ್ನೊಂದು ತಂದಳು, ಪೆದ್ದಿ, ಮೂರು ಟೇಪಿನ ಮೇಲೆ ಸುಳ್ಳಿನ ಅಪವಾದ ಹೊರಿಸಿದವಳು. ಸೊಂಟ ಎರಡಿಂಚು ಏರಿತ್ತಲ್ಲ, ಅದನ್ನೂ ಟೇಪಿನ ತಲೆಗೆ ಕಟ್ಟಲಿಲ್ಲ ಯಾಕೆ, ತಿನ್ನುವುದು ಮೊದಲಿನ ಅರ್ಧವೂ ಇಲ್ಲ, ಆದರೂ ಉದ್ದದಲ್ಲಿ ಕತ್ತರಿಸಿ ಅಗಲಕ್ಕೆ ತೇಪೆ ಹಾಕಿದ ಹಾಗೆ ಮೈ.

ಡಾಕ್ಟರು ತನ್ನ ಅರ್ಧ ವಯಸ್ಸಿನ ಹುಡುಗಿ, ಎಕ್ಸ್‌ರೇ ಬೆಳಕಿಗೆ ಹಿಡಿದು, ನೋಡಿ, ಬೆನ್ನುಮೂಳೆಯ ಈ ಒಂದು ಗಂಟು ಕುಸಿದಿದೆ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು, ಹಾರ್ಮೋನು ಇಳೀತಿದ್ದ ಹಾಗೆ ಮೂಳೆ ಬೇಗ ಸವೆಯುತ್ತೆ, ಎಷ್ಟೋ ಜನಕ್ಕೆ ಮುರಿದಿದ್ದೇ ಗೊತ್ತಾಗಲ್ಲ, ಮೈ ಬಿಸಿ ಆಗೋದು, ಬೆವರೋದು ಯಾರ ಹತ್ತಿರಾನೂ ಹೇಳ್ಕೊಳ್ಳಲಿಲ್ವಾ? ಹೇಳಿಕೊಂಡಿದ್ದಾಳೆ, ಅಂಗಡಿಯ ಗೊಂಬೆಯ ಹತ್ತಿರ, ಗೌನು ತೊಡಿಸುವ ಆ ಗೊಂಬೆಗೆ ತಲೆಯಿಲ್ಲ, ಆದ್ದರಿಂದ ನಗುವುದಿಲ್ಲ. ನಿಮ್ಮ ತಾಯಿಗೆ, ಅಕ್ಕತಂಗಿಯರಿಗೆ ಮೂಳೆ ಮುರಿದಿತ್ತಾ, ಈ ಕಾಗದದಲ್ಲಿ ಬರೆದುಕೊಡಿ, ಔಷಧಿ ಯಾವುದು ಅಂತ ಆಮೇಲೆ ನೋಡೋಣ. ಅಮ್ಮ ಮೂಳೆ ಸವೆಯುವಷ್ಟು ದಿನ ಬದುಕಲಿಲ್ಲ, ಅದು ಸುಲಭ, ಅಕ್ಕ — ಅಕ್ಕನ ಮುಂದೆ ಪೆನ್ನು ನಿಂತಿತು, ಒಡಹುಟ್ಟಿದವಳ ಬಗ್ಗೆ ಬರೆಯಲು ಒಂದಕ್ಷರವೂ ಗೊತ್ತಿಲ್ಲ, ಮಾತು ನಿಂತು ನಾಲ್ಕು ವರ್ಷವಾಯಿತು. ಅವತ್ತು ಅಂಗಡಿಯಲ್ಲಿ ಅಳತೆ ಕೊಡುತ್ತ ನಿಂತಿದ್ದ ಅಕ್ಕ ಇದ್ದಕ್ಕಿದ್ದಂತೆ ಬೆವೆತು ನೀರಾಗಿ, ಫ್ಯಾನ್ ಹಾಕೇ, ಒಳಗೆ ಒಲೆ ಹಚ್ಚಿದ ಹಾಗಿದೆ, ಬೆನ್ನೆಲ್ಲ ಹಿಂಡ್ತಿದೆ, ಹೆದರಿಕೆ ಆಗುತ್ತೆ ಕಣೇ, ಅಂತ ಕಣ್ಣೀರು ಹಾಕಿದಾಗ, ಮೂವರು ಗಿರಾಕಿಗಳ ಎದುರಿಗೆ ಇವಳು ನಕ್ಕಳು, ಎಲ್ಲರಿಗೂ ಆಗೋದೇ ಬಿಡು, ನಿನಗೊಬ್ಬಳಿಗೇ ಆಕಾಶ ಕಳಚಿ ಬಿತ್ತಾ, ಗಿರಾಕಿಗಳೂ ನಕ್ಕರು, ಅಕ್ಕ ಹೊರಟುಹೋದಳು. ತಾನಾಗಿ ಬರಲಿ ಅಂತ ಬಿಗುಮಾನ ಹಿಡಿದು ಕೂತಳು, ಆಮೇಲೆ ನಾಚಿಕೆ, ಆಮೇಲೆ ತನ್ನ ಮೈಯೂ ಉರಿಯತೊಡಗಿತು, ಅಕ್ಕನಿಲ್ಲದೆ ಆ ಉರಿ ಎರಡು ಪಾಲು.

ಫೋನ್ ಮಾಡಿ ಕೇಳ್ಬಿಡಿ ಅಮ್ಮಾ, ಅನ್ನುತ್ತಾಳೆ ನರ್ಸು, ಅವಳಿಗೇನು, ಹೇಳುವುದು ಸುಲಭ. ಹೊರಗಿನ ಬೆಂಚಿನಲ್ಲಿ ಎಡಗಡೆ ಖಾಲಿ, ಬಲಗಡೆ ಖಾಲಿ, ಎತ್ತದೇ ಇರಲಿ ಅಂತಲೂ ಎತ್ತಲಿ ಅಂತಲೂ ಬೇಡಿಕೊಳ್ಳುತ್ತ ಒತ್ತಿದಳು, ನಾಲ್ಕು ಸಲ ರಿಂಗಾಯಿತು, ಐದು, ಹೇಳು, ಅಂದಳು ಅಕ್ಕ, ಅಷ್ಟೇ, ಇವಳು ಹೇಗಿದ್ದೀಯಾ ಅಂತಲೂ ಕೇಳದೆ, ಅಕ್ಕಾ, ಆಸ್ಪತ್ರೇಲಿದ್ದೀನಿ, ನನ್ನ ಬೆನ್ನುಮೂಳೆ ಮುರಿದಿದೆಯಂತೆ, ನಿನಗೆ ಯಾವಾಗಲಾದ್ರೂ ಮೂಳೆ ಮುರಿದಿತ್ತಾ, ಬರ್ಕೊಡಬೇಕಂತೆ. ಬೆನ್ನು ಅಂತ ಬರಿ, ಅಂದಳು ಅಕ್ಕ, ಎರಡು ಇಂಚು ಕುಗ್ಗಿದ್ದೀನಿ, ಮಣಿಕಟ್ಟು ಅಂತಾನೂ ಬರಿ, ಹೋದ ವರ್ಷ. ಅಯ್ಯೋ, ನನಗ್ಯಾಕೆ ಹೇಳಲಿಲ್ಲ ಅಕ್ಕಾ? ಹೇಳಿದ್ನಲ್ಲ, ಅಂದಳು ಅಕ್ಕ, ಕೋಪವಿಲ್ಲ, ಕೋಪವಿದ್ದಿದ್ದರೆ ಚೆನ್ನಾಗಿತ್ತು. ಪೆನ್ನು ಬೆನ್ನು ಬರೆಯಿತು, ಮಣಿಕಟ್ಟು ಬರೆಯಿತು, ಮಣಿಕಟ್ಟು ಹೇಗೆ ಮುರೀತು ಅಕ್ಕಾ? ಗೌನು ಕಾಲಿಗೆ ಸಿಕ್ಕಿ ಬಿದ್ದೆ ಕಣೇ, ಎಲ್ಲಾ ಉದ್ದ ಆಗಿಬಿಟ್ಟಿವೆ, ಇನ್ನೊಬ್ಬರ ಹತ್ತಿರ ಕೊಟ್ಟು ಗಿಡ್ಡ ಮಾಡಿಸೋಕೆ ಮನಸ್ಸು ಬರಲಿಲ್ಲ. ಇನ್ನೊಬ್ಬರ ಹತ್ತಿರ — ಅಕ್ಕನ ಗೌನುಗಳೆಲ್ಲ ಇವಳೇ ಹೊಲಿದವು, ಅಂಚು ಮಾತ್ರ ಮಿಷನ್ನಿಗೆ ಕೊಡದೆ ಕೈಯಲ್ಲೇ ಹೊಲಿದದ್ದು, ಎರಡು ಇಂಚು ಉದ್ದ, ನೆಲದ ಧೂಳು ಮೆತ್ತಿದ ಅಂಚು, ಅಕ್ಕ ಎದ್ದು ಒಂದು ಹೆಜ್ಜೆ ಇಡುತ್ತಾಳೆ, ಅಂಚು ಹಿಮ್ಮಡಿಯ ಕೆಳಗೆ, ಇನ್ನೊಂದು ಹೆಜ್ಜೆ, ಅಂಚು, ಹಿಮ್ಮಡಿಯ ಕೆಳಗೆ ಆ ಅಂಚು —